ಮೂಲವ್ಯಾಧಿ: ಶಸ್ತ್ರಕ್ರಿಯೆಗೆ ಮೊದಲು

ಮೂಲವ್ಯಾಧಿಯ ಮಾತನ್ನು ನಾಲ್ವರೆದುರು ಆಡಲು ನಮಗೆ ಸಂಕೋಚ. ಚಿಂತಾಮಣಿಯಲ್ಲಾಗಲಿ, ಗೌರಿಬಿದನೂರಿನಲ್ಲಾಗಲಿ, ಮಲದೊಡನೆ ರಕ್ತ ಕಂಡವರು ಮೊದಲು ಹೇಳಿಕೊಳ್ಳುವ ಸಮಾಧಾನ, 'ಮೈಗೆ ಉಷ್ಣವಾಗಿದೆ' ಎಂಬುದು. ಮಜ್ಜಿಗೆ, ಎಳನೀರು ಕುಡಿಯುತ್ತಾರೆ. ರಕ್ತ ನಿಲ್ಲುತ್ತದೆ, ತಿಂಗಳು ಕಳೆದು ಮತ್ತೆ ಬರುತ್ತದೆ. ಹೆಂಗಸರಂತೂ ಬಸುರಿನಲ್ಲಿ ಆರಂಭವಾದ ತೊಂದರೆಯನ್ನು ವರ್ಷಗಟ್ಟಲೆ ಯಾರಿಗೂ ತಿಳಿಸದೆ ನುಂಗಿಕೊಳ್ಳುವುದುಂಟು. ಆಸ್ಪತ್ರೆಗೆ ಹೋದರೆ ಕೊಯ್ದೇಬಿಡುತ್ತಾರೆಂಬ ಭಯ ಬೇರೆ. ಈ ಭಯಕ್ಕೆ ಆರಂಭದ ಹಂತದಲ್ಲಿ ಆಧಾರವಿಲ್ಲ.

ಗುದನಾಳದ ಒಳಗೆ ರಕ್ತನಾಳಗಳಿಂದ ಕೂಡಿದ ಮೆತ್ತೆಗಳು ಎಲ್ಲರಲ್ಲಿಯೂ ಇವೆ. ಮಲಬದ್ಧತೆಯಿಂದ ತಿಣುಕಿ ತಿಣುಕಿ ಅವು ಊದಿ ಕೆಳಕ್ಕೆ ಜಾರಿದಾಗ ಒಳಮೂಲವ್ಯಾಧಿ ಎನ್ನುತ್ತೇವೆ. ರಕ್ತ ಮಾತ್ರ ಬರುವುದು ಮೊದಲನೆಯ ಹಂತ. ಗಂಟು ಹೊರಬಂದು ತಾನಾಗಿ ಒಳಸೇರುವುದು ಎರಡನೆಯದು. ಬೆರಳಿನಿಂದ ತಳ್ಳಬೇಕಾದುದು ಮೂರನೆಯದು. ಹೊರಗೇ ಉಳಿದುದು ನಾಲ್ಕನೆಯದು. ಶಸ್ತ್ರಕ್ರಿಯೆಯ ಪ್ರಶ್ನೆ ಹೆಚ್ಚಾಗಿ ಏಳುವುದು ಕೊನೆಯ ಹಂತಗಳಲ್ಲಿ.

ಒಳಗಿನ ಈ ಮೆತ್ತೆಗಳ ಮೇಲ್ಭಾಗದಲ್ಲಿ ನೋವು ತಿಳಿಸುವ ನರಗಳಿಲ್ಲವೆಂಬುದು ವೈದ್ಯರಿಗೆ ದೊಡ್ಡ ಅನುಕೂಲ. ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಉಂಗುರವೊಂದನ್ನು ತೊಡಿಸಿಬಿಡುತ್ತಾರೆ. ರಕ್ತದ ಓಟ ನಿಂತು ಗಂಟು ಒಣಗಿ, ಸುಮಾರು ಒಂದು ವಾರದಲ್ಲಿ ಉಂಗುರದೊಡನೆ ಉದುರಿಹೋಗುತ್ತದೆ. ಅಮೆರಿಕದ ಬ್ಲೇಸ್‌ಡೆಲ್ ಎಂಬವರು 1958ರಲ್ಲಿ ವರ್ಣಿಸಿದ ಕಟ್ಟುವ ವಿಧಾನವನ್ನು 1963ರಲ್ಲಿ ಬ್ಯಾರನ್ ಎಂಬವರು ರಬ್ಬರಿಗೆ ಒಗ್ಗಿಸಿದರು. ಅಂದಿನಿಂದ ಇದೇ ಹೆಚ್ಚು ಬಳಕೆಯಲ್ಲಿದೆ. ಮತ್ತು ತರಿಸಬೇಕಾಗಿಲ್ಲ, ಕೆಲವು ನಿಮಿಷಗಳ ಕೆಲಸ, ಅಂದೇ ಮನೆಗೆ ಹೋಗಬಹುದು. ಒಂದೆರಡು ದಿನ ಭಾರವೆನಿಸಬಹುದು. ಗಂಟುಗಳು ಹಲವಿದ್ದರೆ ಕೆಲವು ವಾರಗಳ ಅಂತರದಲ್ಲಿ ಮತ್ತೆ ಬರಹೇಳುತ್ತಾರೆ.

ಬಾದಾಮಿ ಎಣ್ಣೆಯಲ್ಲಿ ಬೆರೆಸಿದ ಫೀನಾಲನ್ನು ಚುಚ್ಚುವುದು ಇನ್ನೊಂದು ವಿಧಾನ. ಅತಿರಕ್ತ ಕಿರಣದ ಶಾಖದಿಂದ ರಕ್ತನಾಳವನ್ನು ಹೆಪ್ಪುಗಟ್ಟಿಸುವುದು ಮತ್ತೊಂದು. ಮೊದಲೆರಡು ಹಂತಗಳಿಗೆ ಇವು ಸಾಕು, ಆದರೆ ವ್ಯಾಧಿ ಮರುಕಳಿಸುವುದು ಉಂಗುರಕ್ಕಿಂತ ಹೆಚ್ಚು. ಅರ್ಶಸ್ಸಿಗೆ ಔಷಧ, ಕ್ಷಾರ, ಅಗ್ನಿ, ಶಸ್ತ್ರವೆಂಬ ನಾಲ್ಕು ಉಪಾಯಗಳನ್ನು ಸುಶ್ರುತನೂ ಹೇಳಿದ್ದಾನೆ. ಶಸ್ತ್ರವೊಂದೇ ದಾರಿಯೆಂದು ಅವನೂ ಎಣಿಸಿರಲಿಲ್ಲ.

ಚುಚ್ಚುಮದ್ದೆಂದ ಮಾತ್ರಕ್ಕೆ ಬಸ್ ನಿಲ್ದಾಣದ ಗೋಡೆಯ ಮೇಲೆ 'ಗ್ಯಾರಂಟಿ' ಬರೆಸಿದವರ ಬಳಿಗೆ ಹೋಗಲಾಗದು. ತಪ್ಪು ಜಾಗಕ್ಕೆ ಚುಚ್ಚಿದರೆ ಹುಣ್ಣು, ಕೀವು, ಗುದದ್ವಾರ ಕಿರಿದಾಗುವುದು ಮೊದಲಾದ ಅನಾಹುತಗಳಿವೆ. ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಕರುಳಿನ ಕ್ಯಾನ್ಸರೂ ಹೀಗೆಯೇ ರಕ್ತವಾಗಿ ತೋರಬಹುದು. ಪರೀಕ್ಷಿಸದೆ ಮೂಲವ್ಯಾಧಿಯೆಂದು ತೀರ್ಮಾನಿಸಿದವರು ಅಮೂಲ್ಯವಾದ ಕಾಲವನ್ನು ಕಳೆದಂತೆಯೇ. 45 ವರ್ಷ ದಾಟಿದವರು, ಕಾರಣವಿಲ್ಲದೆ ತೂಕ ಇಳಿದವರು, ಮಲದ ಅಭ್ಯಾಸ ಬದಲಾದವರು, ರಕ್ತಹೀನತೆಯಿಂದ ಬಿಳಿಚಿಕೊಂಡವರು ದೊಡ್ಡ ಕರುಳನ್ನು ದುರ್ಬೀನಿನಿಂದ ನೋಡಿಸಿಕೊಳ್ಳಬೇಕೇ ಎಂದು ವೈದ್ಯರನ್ನು ತಾವಾಗಿಯೇ ಕೇಳಲಿ.

ಪಥ್ಯವೂ ಚಿಕಿತ್ಸೆಯ ಭಾಗವೇ. ರಾಗಿಮುದ್ದೆ, ಸೊಪ್ಪಿನ ಸಾರು, ಅವರೆಕಾಳು ಉಣ್ಣುವ ಸೀಮೆಯವರಿಗೆ ನಾರಿನ ವಿಷಯ ಹೊಸದಾಗಿ ಕಲಿಸಬೇಕಿಲ್ಲ, ಮರೆತದ್ದನ್ನು ನೆನೆದರಾಯಿತು. ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ತೆಗೆಯುತ್ತ ಕುಳಿತವರು ನಡುನಡುವೆ ಎದ್ದು ನೀರು ಕುಡಿಯಲಿ. ಮೊಬೈಲು ಹಿಡಿದು ಪಾಯಿಖಾನೆಯಲ್ಲಿ ಅರ್ಧ ಗಂಟೆ ಕೂರುವ ಹೊಸ ಅಭ್ಯಾಸ ಮಾತ್ರ ಯಾವ ಊರಿಗೂ ಬೇಡ.

ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ ಶಸ್ತ್ರವೈದ್ಯರನ್ನು ಕಂಡು, 'ನನ್ನದು ಎಷ್ಟನೆಯ ಹಂತ, ಉಂಗುರ ಸಾಕೇ?' ಎಂದು ಕೇಳಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿರಿ. ಉಂಗುರ ಹಾಕಿದೊಡನೆ ತೀವ್ರವಾಗಿ ನೊಂದರೆ ಅಲ್ಲಿಯೇ ಹೇಳಿರಿ, ತೆಗೆದುಬಿಡಬಹುದು. ಉದುರುವ ಹೊತ್ತಿಗೆ ತುಸು ರಕ್ತ ಕಾಣುವುದು ಸಹಜ. ರಕ್ತ ಧಾರೆಯಾಗಿ ಸುರಿದರೆ, ಜ್ವರ ಬಂದರೆ, ನೋವು ಏರುತ್ತ ಹೋದರೆ, ಮೂತ್ರ ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.