ಕಾಣದ ನೋವನ್ನು ನಂಬುವುದು
(ಅಲೀಪುರದಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸ್ತುತಿಯೆಲ್ಲವೂ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೂ ಅವರ ಪವಿತ್ರ ಅಹ್ಲೆಬೈತ್‌ನ ಮೇಲೂ ಅವನ ಕರುಣೆ ಇರಲಿ.



ಕೈ ಮುರಿದರೆ ಪಟ್ಟಿ ಕಾಣುತ್ತದೆ. ಜ್ವರ ಬಂದರೆ ಹಣೆ ಮುಟ್ಟಿದಾಗ ತಿಳಿಯುತ್ತದೆ. ಹೊಟ್ಟೆಯ ನೋವು ಹಾಗಲ್ಲ, ಅದು ಅನುಭವಿಸುವವರಿಗೆ ಮಾತ್ರ ಗೊತ್ತು. ಒಬ್ಬ ಡಾಕ್ಟರು ಗ್ಯಾಸ್ ಎನ್ನುತ್ತಾರೆ, ಇನ್ನೊಬ್ಬರು ಅಲ್ಸರ್ ಇರಬಹುದು ಎನ್ನುತ್ತಾರೆ, ಮತ್ತೊಬ್ಬರು ಟೆನ್ಶನ್ ಎನ್ನುತ್ತಾರೆ. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲವೂ ನಾರ್ಮಲ್. ಆಗ ಕಾಯಿಲೆಯ ಜೊತೆಗೆ ಮನೆಯೊಳಗೆ ಅನುಮಾನವೂ ಸೇರಿಕೊಳ್ಳುತ್ತದೆ.

ಒಬ್ಬ ಸಹೋದರರು ನಮ್ಮ ಬಳಿ ಬಂದಿದ್ದರು. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ತಿಳಿಸುತ್ತಿದ್ದೇವೆ. “ಮೌಲಾನಾ, ರಿಪೋರ್ಟೆಲ್ಲ ಸರಿಯಾಗಿವೆ. ಆದರೂ ಊಟ ಮಾಡಿದರೆ ನೋವು ಅಂತಾಳೆ. ಮನೆಯವರು ನಾಟಕ ಅಂತಾರೆ, ತವರಿಗೆ ಕಳಿಸು ಅಂತಾರೆ. ಒಂದು ತಾವೀಜ್ ಕೊಡಿ” ಎಂದರು. ದುವಾ ಖಂಡಿತ ಮಾಡುತ್ತೇವೆ, ಆದರೆ ಮೊದಲು ನೀವು ಆಕೆಯ ಮಾತನ್ನು ನಂಬಿ ಎಂದೆವು. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕರುಳಿನ ಚಲನೆ, ನರಗಳ ಸೂಕ್ಷ್ಮತೆಯಿಂದ ನೋವು ಬರುತ್ತದೆ ಎಂಬುದನ್ನು ಇಂದಿನ ವೈದ್ಯಶಾಸ್ತ್ರ ಒಪ್ಪಿದೆ. ಟೆನ್ಶನ್‌ನಿಂದ ಹೆಚ್ಚಾಗುವ ನೋವು ಕೂಡ ನಿಜವಾದ ನೋವೇ.

ಪವಿತ್ರ ಕುರ್‌ಆನ್ ಗಂಡಹೆಂಡಿರನ್ನು ಒಬ್ಬರಿಗೊಬ್ಬರು ಉಡುಪೆಂದು ಕರೆದಿದೆ (ಅಲ್ ಬಕರಾ: 187). ಉಡುಪು ಮಾನ ಕಾಪಾಡುತ್ತದೆ, ಚಳಿಯಿಂದ ರಕ್ಷಿಸುತ್ತದೆ. ಕಾಯಿಲೆ ಬಿದ್ದವರನ್ನು ಬಂಧುಗಳ ಮುಂದೆ ಹಗುರವಾಗಿ ಮಾತಾಡುವವರು ಆ ಉಡುಪನ್ನು ಕಳಚಿ ಹಾಕಿದಂತೆ. ಸಬ್ರ್‌ನ ಮಾದರಿಯಾದ ಹಜ್ರತ್ ಅಯ್ಯೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು. ನೋವು ಹೇಳಿಕೊಳ್ಳುವುದು ಸಬ್ರ್‌ಗೆ ವಿರುದ್ಧವಲ್ಲ. ಎಲ್ಲರೂ ದೂರವಾದಾಗ ಅವರ ಪತ್ನಿ ಸೇವೆ ಬಿಡಲಿಲ್ಲ ಎಂದು ವೃತ್ತಾಂತಗಳು ಹೇಳುತ್ತವೆ. ಗಂಡಂದಿರಿಗೂ ಅದೇ ಪಾಠ.

ಡಾಕ್ಟರುಗಳ ಮಾತು ಬದಲಾಯಿತೆಂದು ನಂಬಿಕೆ ಕಳೆದುಕೊಳ್ಳಬೇಡಿ. ಬಹುಕಾಲ ಅಲ್ಸರ್‌ಗೆ ಚಿಂತೆ ಮತ್ತು ಖಾರವೇ ಕಾರಣವೆಂದು ಹೇಳುತ್ತಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್, ಹೆಚ್ಚಿನ ಅಲ್ಸರ್‌ಗಳಿಗೆ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದರು. ಜನ ಬೇಗ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕಾಯಿಲೆ ಬೀಳಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕಿಂತ ಮೊದಲು “ಚಿಂತೆ ಬಿಡು” ಎಂಬ ಮಾತು ಕೇಳಿಯೇ ನರಳಿದವರು ಎಷ್ಟು ಮಂದಿ! ಕಾರಣ ಇನ್ನೂ ತಿಳಿದಿಲ್ಲ ಎಂದರೆ ಕಾರಣವೇ ಇಲ್ಲ ಎಂದಲ್ಲ.

ನಮ್ಮೂರಿನವರು ಹರಳಿನ ವ್ಯಾಪಾರ ಬಲ್ಲವರು. ಒಂದು ಕಲ್ಲನ್ನು ಬೆಳಕಿಗೆ ಹಿಡಿದು, ಲೆನ್ಸ್‌ನಲ್ಲಿ ತಿರುಗಿಸಿ ತಿರುಗಿಸಿ ನೋಡದೆ ಬೆಲೆ ಹೇಳುವುದಿಲ್ಲ. ಡಾಕ್ಟರಿಗೂ ಅಷ್ಟು ಸಮಯ ಕೊಡಿ. ಹದಿನೈದು ದಿನಕ್ಕೊಬ್ಬರನ್ನು ಬದಲಿಸಬೇಡಿ. ಎಲ್ಲ ಚೀಟಿ, ರಿಪೋರ್ಟ್ ಒಂದೇ ಫೈಲಿನಲ್ಲಿರಲಿ. ಏನು ತಿಂದರು, ಯಾವಾಗ ನೋವು ಬಂತು, ಯಾವ ಮಾತ್ರೆ ನುಂಗಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಜೊತೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ನಿಮಗೆ ಯಾವುದರ ಅನುಮಾನ? ಯಾವುದು ಅಲ್ಲವೆಂದು ಖಚಿತವಾಗಿದೆ? ಈ ಔಷಧಿಯನ್ನು ಎಷ್ಟು ದಿನ ನೋಡಬೇಕು? ಎರಡನೇ ಅಭಿಪ್ರಾಯ ಬೇಕಾದರೆ ಅದೇ ಫೈಲ್ ಹಿಡಿದು ಹೋಗಿ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನ್ಯಾಕ್‌ನಂಥ ಮಾತ್ರೆಗಳೇ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಅದನ್ನೂ ತಿಳಿಸಿ. ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ ತಡಮಾಡದೆ ತೋರಿಸಿ.

ಒಬ್ಬ ಪ್ರವಾದಿ ಕಾಯಿಲೆಯಲ್ಲಿದ್ದಾಗ, ರೋಗ ಕೊಟ್ಟವನೇ ಗುಣಪಡಿಸಲಿ ಎಂದು ಔಷಧಿ ಬಿಟ್ಟರಂತೆ. ಔಷಧಿ ತೆಗೆದುಕೊಳ್ಳದೆ ಗುಣಪಡಿಸುವುದಿಲ್ಲವೆಂದು ಅಲ್ಲಾಹನು ತಿಳಿಸಿದನೆಂದು ಇಮಾಮ್ ಜಾಫರ್ ಸಾದಿಕ್(ಅ) ಅವರಿಂದ ವರದಿಯಾಗಿದೆ. ಔಷಧಿ ಸೇವನೆಯೂ ತವಕ್ಕುಲ್‌ನ ಭಾಗವೇ.

ರಮಝಾನಿನಲ್ಲಿ ಜನರಿಗೆ ಅಂಜಿ, ನೋವು ನುಂಗಿಕೊಂಡು ಉಪವಾಸ ಇರುವವರಿದ್ದಾರೆ. ರೋಗಿಗೆ ಕುರ್‌ಆನೇ ವಿನಾಯಿತಿ ಕೊಟ್ಟಿದೆ. ಜಾಫರಿ ಫಿಕ್ಹ್‌ನಲ್ಲಿ ಹಾನಿ ಮಾಡುವ ರೋಝಾ ಸಿಂಧುವೇ ಅಲ್ಲ. ಕಾಯಿಲೆ ಮುಂದಿನ ರಮಝಾನಿನವರೆಗೂ ಮುಂದುವರಿದರೆ ದಿನಕ್ಕೆ ಒಂದು ಮುದ್ದ್, ಅಂದರೆ ಸುಮಾರು 750 ಗ್ರಾಂ ಧಾನ್ಯವನ್ನು ಬಡವರಿಗೆ ಕೊಟ್ಟರಾಯಿತು. ಬೇರೆ ಮಝ್‌ಹಬ್‌ನವರು ತಮ್ಮ ಉಲಮಾಗಳನ್ನು ಕೇಳಲಿ. ಹಾಗೆಯೇ, “ತಬರ್ರುಕ್ ಅಲ್ಲವೇ, ಒಂದು ತುತ್ತು ತಿನ್ನಿ” ಎಂದು ಹೊಟ್ಟೆನೋವಿನವರನ್ನು ಬಲವಂತ ಮಾಡಬೇಡಿ.

ಹಜ್ರತ್ ಅಲಿ(ಅ) ಮನೆಗೆ ಸೌದೆ ನೀರು ತರುತ್ತಿದ್ದರು, ಕಸ ಗುಡಿಸುತ್ತಿದ್ದರು. ಹೆಂಡತಿಗಾಗಿ ಮೆತ್ತಗೆ ಗಂಜಿ ಬೇಯಿಸುವುದರಲ್ಲಿ ನಮಗೇಕೆ ನಾಚಿಕೆ? ವ್ಯಾಪಾರಕ್ಕೆ ಪರಊರಲ್ಲಿರುವವರು ಫೋನಿನಲ್ಲಿ ಮೊದಲು “ಇವತ್ತು ಏನು ತಿಂದೆ, ನೋವು ಹೇಗಿದೆ?” ಎಂದು ಕೇಳಲಿ. ಸಹೋದರಿಯರೇ, ಗಂಡ ನೋವು ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಿದ್ದರೆ ನೀವೇ ಒತ್ತಾಯಿಸಿ ಕರೆದೊಯ್ಯಿರಿ.

ಆ ಸಹೋದರಿ ಇನ್ನೂ ಪೂರ್ತಿ ಗುಣವಾಗಿಲ್ಲ. ಆದರೆ ತವರಿಗೆ ಹೋಗಲಿಲ್ಲ. ಈಗ ಫೈಲ್ ಹಿಡಿದು ಅವರ ಯಜಮಾನರೇ ಜೊತೆಗೆ ಹೋಗುತ್ತಿದ್ದಾರೆ.

ಅಲ್ಲಾಹನು ನಮ್ಮ ಮನೆಗಳ ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಚಿಕಿತ್ಸೆ ನೀಡುವವರಿಗೆ ಸರಿಯಾದ ದಾರಿ ತೋರಿಸಲಿ. ಜೊತೆಗಿರುವವರಿಗೆ ಬೇಸರವಿಲ್ಲದ ಮನಸ್ಸು ಕೊಡಲಿ. ಆಮೀನ್.