ರುಬ್ಬುಗುಂಡು ಬದಲಿಸುವ ಮುನ್ನ



ಈ ವಾರದ ಮಾತು ಸಾಫ್ಟ್‌ವೇರಿನವರಿಗೆ ಮಾತ್ರ ಎಂದುಕೊಂಡು ಪುಟ ತಿರುಗಿಸಬೇಡಿ. ನಮ್ಮವರ ಮನೆಗಳಲ್ಲಿ ಹಿಂಜೆವಾಡಿಗೋ ಹೈಟೆಕ್ ಸಿಟಿಗೋ ಹೋಗುವವರೊಬ್ಬರು ಇದ್ದೇ ಇರುತ್ತಾರೆ. ರಾತ್ರಿ ಒಂಬತ್ತಾದರೂ "ಬಿಲ್ಡ್ ಇನ್ನೂ ಮುಗಿದಿಲ್ಲ" ಎಂದು ಅವರು ಫೋನಿನಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ತುಂಡುಗಳನ್ನು ಜೋಡಿಸಿ, ಓಡುವ ರೂಪಕ್ಕೆ ತರುವ ಸಲಕರಣೆಗಳೇ ಬಿಲ್ಡ್ ಟೂಲ್‌ಗಳು. ಅಡುಗೆಮನೆಯ ರುಬ್ಬುಗುಂಡಿನ ಹಾಗೆ ಇವು ಊಟಕ್ಕೆ ಕೂತವರ ಕಣ್ಣಿಗೆ ಬೀಳುವುದಿಲ್ಲ. ಇವು ನಿಧಾನವಾದರೆ ಬೇರೊಂದು ಭಾಷೆಯಲ್ಲಿ ಮತ್ತೆ ಬರೆಯಬೇಕೇ ಎಂಬುದು ಈಗ ಎಷ್ಟೋ ಕಚೇರಿಗಳ ಜಗಳ.

ಒಂದು ನಿಜವಾದ ಉದಾಹರಣೆ ನೋಡಿ. ಮೈಕ್ರೋಸಾಫ್ಟ್ 2012ರಲ್ಲಿ ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೊರತಂದಿತು. ಅದರ ಕಂಪೈಲರನ್ನು ಬರೆದದ್ದೂ ಟೈಪ್‌ಸ್ಕ್ರಿಪ್ಟಿನಲ್ಲೇ. ಬಡಿಸಿದವರೇ ಮೊದಲು ಉಂಡು ನೋಡುವ ಪದ್ಧತಿ. ಉಪ್ಪು ಕಡಿಮೆಯಾದರೆ ಕೂಡಲೇ ತಿಳಿಯುತ್ತದೆ. ಆದರೆ ಪ್ರಾಜೆಕ್ಟುಗಳು ಬೆಳೆದಂತೆ ಕಾಯುವುದೂ ಬೆಳೆಯಿತು. 2025ರ ಮಾರ್ಚಿನಲ್ಲಿ ಅದರ ಮುಖ್ಯ ಶಿಲ್ಪಿ ಆಂಡರ್ಸ್ ಹೇಲ್ಸ್‌ಬರ್ಗ್, ಕಂಪೈಲರನ್ನು ಗೋ ಭಾಷೆಗೆ ತರುತ್ತಿದ್ದೇವೆ ಎಂದು ಪ್ರಕಟಿಸಿದರು. ಸುಮಾರು 15 ಲಕ್ಷ ಸಾಲುಗಳ ವಿಎಸ್ ಕೋಡ್ ಎಂಬ ಪ್ರೋಗ್ರಾಮನ್ನು ಪರೀಕ್ಷಿಸಲು ಹಳೆಯದಕ್ಕೆ 77.8 ಸೆಕೆಂಡು ಬೇಕಾಗಿತ್ತು, ಹೊಸದಕ್ಕೆ 7.5 ಸಾಕಾಯಿತು. ಲಾಭದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಯಂತ್ರದ ನೇರ ಭಾಷೆಗೆ ಇಳಿದದ್ದರಿಂದ, ಉಳಿದರ್ಧ ಪ್ರೊಸೆಸರಿನ ಹಲವು ಕೋರ್‌ಗಳು ಒಟ್ಟಿಗೇ ಕೆಲಸಕ್ಕೆ ಇಳಿದದ್ದರಿಂದ.

ಸ್ವಾರಸ್ಯ ಇಲ್ಲಿದೆ. ಸಿ ಶಾರ್ಪ್ ಭಾಷೆಯನ್ನು ರೂಪಿಸಿದವರೂ ಇದೇ ಹೇಲ್ಸ್‌ಬರ್ಗ್. ತನ್ನ ಮಗುವನ್ನೇ ಬಿಟ್ಟು ಗೂಗಲಿನಲ್ಲಿ ಹುಟ್ಟಿದ ಭಾಷೆಯನ್ನು ಆರಿಸಿಕೊಂಡದ್ದಕ್ಕೆ ಕೆಲವರು ಮುನಿಸಿಕೊಂಡರು. ಎಲ್ಲರೂ ಹೊಗಳುವ ರಸ್ಟ್ ಯಾಕಲ್ಲ ಎಂದು ಇನ್ನು ಕೆಲವರು ಕೇಳಿದರು. ಅವರ ಉತ್ತರದ ತಿರುಳು: ನಾವು ಮಾಡುತ್ತಿರುವುದು ಹೊಸ ರಚನೆಯಲ್ಲ, ಅನುವಾದ. ಹಳೆಯ ಕೋಡಿನಲ್ಲಿ ಒಂದಕ್ಕೊಂದು ಹೆಣೆದುಕೊಂಡ, ಸುತ್ತಿ ಬರುವ ಕೊಂಡಿಗಳು ಹೇರಳ. ರಸ್ಟಿನ ಶಿಸ್ತಿಗೆ ಅದು ಸುಲಭವಾಗಿ ಒಗ್ಗದು, ಮೂಲ ವಿನ್ಯಾಸವನ್ನೇ ಕೆಡವಬೇಕಾಗುತ್ತದೆ. ಗೋ ಆದರೆ ಸಾಲಿಗೆ ಸಾಲು ಹೊಂದುತ್ತದೆ.

ಕನ್ನಡ ಓದಿಕೊಂಡ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಪಂಪ ವ್ಯಾಸರ ಭಾರತವನ್ನು ಕನ್ನಡಕ್ಕೆ ತಂದಾಗ ಅರ್ಜುನನನ್ನೇ ನಾಯಕನಾಗಿಸಿದ, ದ್ರೌಪದಿಯನ್ನು ಅವನೊಬ್ಬನಿಗೇ ಮದುವೆ ಮಾಡಿಸಿದ. ಕವಿಗೆ ಆ ಸ್ವಾತಂತ್ರ್ಯ ಉಂಟು. ಕಂಪೈಲರ್ ಬರೆಯುವವರಿಗೆ ಇಲ್ಲ. ಹಳೆಯದು ಎಲ್ಲಿ ತಪ್ಪು ತೋರಿಸುತ್ತಿತ್ತೋ ಹೊಸದೂ ಅಲ್ಲೇ ತೋರಿಸಬೇಕು, ಇಲ್ಲದಿದ್ದರೆ ಅದನ್ನು ನಂಬಿದ ಅಸಂಖ್ಯ ಪ್ರಾಜೆಕ್ಟುಗಳು ಕೆಡುತ್ತವೆ. ಬುಡದಿಂದ ಬರೆಯುತ್ತೇವೆಂದು ಹೊರಟ ನೆಟ್‌ಸ್ಕೇಪ್ ಬ್ರೌಸರಿನ ಕಥೆ ಹಿರಿಯರಿಗೆ ನೆನಪಿರಬಹುದು: ನಾಲ್ಕನೆಯ ಆವೃತ್ತಿ 1997ರಲ್ಲಿ, ಅದರ ನಂತರದ ಆರನೆಯದು 2000ದಲ್ಲಿ. ಐದು ಬರಲೇ ಇಲ್ಲ!

ಅನುವಾದಕ್ಕೂ ಬೆಲೆಯಿದೆ. ಟೈಪ್‌ಸ್ಕ್ರಿಪ್ಟ್ ಬಳಸುವವನು ಇಷ್ಟು ದಿನ ಕಂಪೈಲರಿನಲ್ಲಿ ಹುಳುಕು ಕಂಡರೆ ತಾನೇ ಒಳಗೆ ಇಳಿದು ಸರಿಪಡಿಸಬಹುದಿತ್ತು. ಇನ್ನು ಅವನು ಗೋ ಕಲಿಯಬೇಕು. ಕಂಪೈಲರಿಗೆ ಕೊಂಡಿ ಹಾಕಿಕೊಂಡು ಬೇರೆಯವರು ಕಟ್ಟಿದ ಸಲಕರಣೆಗಳೂ ಬದಲಾಗಬೇಕು. ದೊಡ್ಡ ಕಂಪನಿ, ಸಂಬಳ ಕೊಡುವ ತಂಡ, ಹಾಗಾಗಿ ತಡೆದುಕೊಳ್ಳುತ್ತಾರೆ. ಆರು ಜನರ ನಿಮ್ಮ ತಂಡದಲ್ಲಿ ಒಬ್ಬ ಉತ್ಸಾಹಿ ಹುಡುಗ ಎಲ್ಲವನ್ನೂ ರಸ್ಟಿಗೆ ಬದಲಿಸಿ, ಮುಂದಿನ ಏಪ್ರಿಲಿನಲ್ಲಿ ಬೇರೆ ಕಡೆ ಹೋದರೆ? ಉಳಿದ ಐವರಿಗೆ ಆ ಪೆಟ್ಟಿಗೆಯ ಬೀಗದ ಕೈ ಸಿಗುವುದಿಲ್ಲ.

ಅದಕ್ಕೇ ನನ್ನ ಮಾತು ಇಷ್ಟು: ಭಾಷೆಯನ್ನು ಬೈಯುವ ಮುನ್ನ ಗಡಿಯಾರ ಹಿಡಿದು ನೋಡಿ. ಒಂದೇ ಫೈಲು ಬದಲಾದರೂ ಇಡೀ ಪ್ರಾಜೆಕ್ಟನ್ನು ಮತ್ತೆ ಕಟ್ಟುತ್ತಿದ್ದೀರಾ? ಬೆಲ್ ಲ್ಯಾಬ್ಸಿನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲೇ ಮೇಕ್ ಎಂಬ ಸಲಕರಣೆ ಬರೆದದ್ದು, ಫೈಲಿನ ಸಮಯ ನೋಡಿ ಬದಲಾದದ್ದನ್ನು ಮಾತ್ರ ಮತ್ತೆ ಕಟ್ಟಲು. ವ್ಯರ್ಥ ಕೆಲಸ ತೆಗೆದ ಮೇಲೂ ದಿನಕ್ಕೆ ಇಪ್ಪತ್ತು ಸಲ ನಿಮಿಷಗಟ್ಟಲೆ ಕಾಯಬೇಕಾಗಿ ಬಂದರೆ, ಹೊಸ ಭಾಷೆ ಬಲ್ಲವರು ತಂಡದಲ್ಲಿ ಕನಿಷ್ಠ ಇಬ್ಬರಾದರೂ ಇದ್ದರೆ, ಆಗ ಧೈರ್ಯವಾಗಿ ಕೈ ಹಾಕಿ. ಹಳೆಯದನ್ನು ಮಾತ್ರ ಎಸೆಯಬೇಡಿ. ಎರಡನ್ನೂ ಅಕ್ಕಪಕ್ಕ ಓಡಿಸಿ, ಉತ್ತರ ತಾಳೆಯಾಗುವವರೆಗೆ.