ತೂಕ ಸರಿಯಿತ್ತು, ಸಕ್ಕರೆ ಬಂತು

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳು)

ಆರೋಗ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಕರೆದಾಗ, ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದವಳು ಎಂದೆ. "ಹಾಗಾದರೆ ಲೆಕ್ಕವನ್ನೇ ಹೇಳಿ" ಎಂದರು. ಆದ್ದರಿಂದ ಇವತ್ತು ಊಟದ ಜಮಾ-ಖರ್ಚು.

ನಮ್ಮ ಅವ್ವ ಧಾರವಾಡದಾಕಿ. ತೂಕ ಎಂದೂ 48 ಕಿಲೋ ದಾಟಿದ್ದಿಲ್ಲ. "ಕಡ್ಡಿ ಹಂಗ ಅದಾರ, ಇವರಿಗೆಲ್ಲಿ ರೋಗ?" ಎಂದು ಓಣಿಯವರು ಅನ್ನುತ್ತಿದ್ದರು. ಕಾಲಿನ ಗಾಯ ಮೂರು ತಿಂಗಳಾದರೂ ಮಾಯದಿದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ. ಎರಡು ಬೆರಳು ತೆಗೆಸಬೇಕಾಯಿತು.

ಅದನ್ನು ಕಣ್ಣಾರೆ ಕಂಡವಳು ನಾನು. ಆದರೂ ನನ್ನ 46ನೇ ವಯಸ್ಸಿನವರೆಗೆ ಒಂದು ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಯಾಕೆಂದರೆ ನಾನು ದಪ್ಪ ಇರಲಿಲ್ಲ! ಎತ್ತರ 155 ಸೆಂಟಿಮೀಟರ್, ತೂಕ 54 ಕಿಲೋ, ಬಿಎಂಐ 22.5. ನಮ್ಮ ದೇಶದವರಿಗೆ 23ರಿಂದ ಮೇಲಿದ್ದರೆ ಹೆಚ್ಚು ತೂಕ ಎನ್ನುತ್ತಾರೆ, ಅಂದರೆ ನಾನು ಪಾಸು. ಕೊನೆಗೆ ಮಗಳ ಹಟಕ್ಕೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 7.4 ಬಂತು. 6.5 ಮುಟ್ಟಿದರೇ ಮಧುಮೇಹ. ಡಾಕ್ಟರು ತೂಕ ಕೇಳಲೇ ಇಲ್ಲ, ಟೇಪು ತೆಗೆದು ಹೊಟ್ಟೆಯ ಸುತ್ತ ಅಳೆದರು. 88 ಸೆಂಟಿಮೀಟರ್. ಹೆಂಗಸರಿಗೆ 80ರೊಳಗೆ ಇರಬೇಕಂತೆ. ಸೀರೆ ಎಷ್ಟನ್ನು ಮುಚ್ಚುತ್ತದೆ ಎಂದು ಆವತ್ತು ತಿಳಿಯಿತು.

ಈ ವಿಷಯದಲ್ಲಿ ನಮ್ಮ ಪುಣೆಗೆ ಜಗತ್ತಿನಲ್ಲೇ ಹೆಸರಿದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಇಬ್ಬರದೂ ಬಿಎಂಐ 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ನಮ್ಮವರ ಮೈಯಲ್ಲಿ 21.2! ಇದು ಹುಟ್ಟಿನಿಂದಲೇ ಶುರುವಾಗುತ್ತದೆ ಎಂದೂ ಅವರ ತಂಡ ತೋರಿಸಿತು. ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದು 3.5. ನಮ್ಮ ಕೂಸುಗಳಲ್ಲಿ ಕಡಿಮೆಯಾಗಿದ್ದದ್ದು ಹೆಚ್ಚಾಗಿ ಮಾಂಸ, ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ತೂಕದ ಮಶೀನು ಒಟ್ಟು ಮೊತ್ತ ಮಾತ್ರ ಹೇಳುತ್ತದೆ, ಒಳಗಿನ ಖಾತೆಗಳನ್ನು ತೆಗೆದು ತೋರಿಸುವುದಿಲ್ಲ. ಮದುವೆಯಲ್ಲಿ ನಾನು 51 ಕಿಲೋ ಇದ್ದೆ. ಇಪ್ಪತ್ತು ವರ್ಷದಲ್ಲಿ ಮೂರೇ ಕಿಲೋ ಏರಿದ್ದು ಎಂದು ಬೀಗುತ್ತಿದ್ದೆ. ಆದರೆ ಅಷ್ಟರಲ್ಲಿ ಸ್ನಾಯು ಕರಗಿತ್ತು, ಅದರ ಜಾಗಕ್ಕೆ ಕೊಬ್ಬು ಬಂದು ಹೊಟ್ಟೆಯಲ್ಲಿ, ಯಕೃತ್ತಿನಲ್ಲಿ ಸೇರಿತ್ತು. ಉಂಡ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದು ಸ್ನಾಯು. ಅದು ಕಡಿಮೆಯಾಗಿ, ಯಕೃತ್ತಿನಲ್ಲಿ ಕೊಬ್ಬು ತುಂಬಿದರೆ ಇನ್ಸುಲಿನ್ ಹೇಳಿದ ಮಾತು ನಡೆಯುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿಗೆ ಕೊಬ್ಬು ಹೊಟ್ಟೆಯ ಕಡೆಗೇ ಸರಿಯುತ್ತದೆ. ಅವ್ವನ ಕಾಲದಲ್ಲಿ ಬೀಸುವುದು, ನೀರು ಸೇದುವುದು ಇತ್ತು. ನನಗೆ ಮಿಕ್ಸರ್, ಲಿಫ್ಟ್, ಎಂಟು ತಾಸಿನ ಕುರ್ಚಿ. ಜಮಾ ಹಾಗೇ ಉಳಿಯಿತು, ಖರ್ಚು ನಿಂತಿತು.

ಜಮಾ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆ. ಅನ್ನ ಬಿಟ್ಟೆ, ಬಾಳೆಹಣ್ಣು ಬಿಟ್ಟೆ ಎನ್ನುವ ನಾವು ಎಣ್ಣೆಯ ಡಬ್ಬಿ ನೋಡುವುದಿಲ್ಲ. ನಮ್ಮಲ್ಲಿ ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಹೋಗುತ್ತಿತ್ತು. ಅದು ಸುಮಾರು 4,550 ಗ್ರಾಂ, ತಲೆಗೆ ದಿನಕ್ಕೆ 38 ಗ್ರಾಂ. ಕೂತು ಕೆಲಸ ಮಾಡುವ ಹೆಂಗಸಿಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೇಳುವುದು 20 ಗ್ರಾಂ. ಹೆಚ್ಚಾದ 18 ಗ್ರಾಂಗೆ 162 ಕ್ಯಾಲೊರಿ. ಅರ್ಧ ತಾಸು ಬಿರುಸಾಗಿ ನಡೆದರೆ ನನ್ನಂಥವಳಿಗೆ ಖರ್ಚಾಗುವುದು ನೂರರ ಆಸುಪಾಸು! ಈಗ ಎರಡೂವರೆ ಲೀಟರಿಗೆ ಇಳಿಸಿದ್ದೇನೆ. ಬದನೆಕಾಯಿ ಎಣ್ಣೆಗಾಯಿ ಮಾತ್ರ ಬಿಡಲಿಲ್ಲ, ಹದಿನೈದು ದಿನಕ್ಕೊಮ್ಮೆ ಮಾಡುತ್ತೇನೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಚೆಲ್ಲಬಾರದೆಂದು ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿದೆ. ನಿಜವಾಗಿ ಕಷ್ಟವಾದದ್ದು ಅದೇ.

ತೂಕ ಇಳಿಯಲಿಲ್ಲ ಎಂದು ಎರಡು ತಿಂಗಳಿಗೇ ಬಿಟ್ಟುಬಿಡುವವರಿಗೆ ಚೆನ್ನೈನ ಒಂದು ಅಧ್ಯಯನ ಹೇಳಬೇಕು. ಮಧುಮೇಹದ ಅಂಚಿನಲ್ಲಿದ್ದ 531 ಜನರನ್ನು ಡಾ. ಎ. ರಾಮಚಂದ್ರನ್ ಅವರ ತಂಡ ಸುಮಾರು ಮೂರು ವರ್ಷ ನೋಡಿತು, 2006ರಲ್ಲಿ ಪ್ರಕಟವಾಯಿತು. ಊಟ ತಿದ್ದಿ, ದಿನಾ ನಡೆಯುವಂತೆ ಹೇಳಿಸಿಕೊಂಡವರಲ್ಲಿ ಮಧುಮೇಹ ಬರುವುದು ನೂರಕ್ಕೆ 28.5ರಷ್ಟು ತಗ್ಗಿತು. ಅವರ ತೂಕ ಇಳಿದಿರಲಿಲ್ಲ!

ನನ್ನದೂ ವರ್ಷಕ್ಕೆ ಇಳಿದದ್ದು ಎರಡು ಕಿಲೋ ಅಷ್ಟೇ. ಹೊಟ್ಟೆ 88ರಿಂದ 82ಕ್ಕೆ ಬಂದಿದೆ, ಸಕ್ಕರೆ 6.3. ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ನೀರು ತುಂಬಿದ ಬಾಟಲಿ ಎತ್ತುವುದು ಮಾಡುತ್ತೇನೆ. ಮಾತ್ರೆ ನಡೆದಿದೆ. ಡಾಕ್ಟರನ್ನು ಕೇಳದೆ ನೀವೂ ಬಿಡಬೇಡಿ.

ಟೈಲರ್ ಟೇಪು ಮೂರು ತಂದಿದ್ದೇನೆ, ಒಳಕೋಣೆಯಲ್ಲಿವೆ. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಯಾರಿಗೂ ಹೇಳಬೇಕಾಗಿಲ್ಲ. ಚಹಾ ಆಮೇಲೆ ಕೊಡುತ್ತಾರೆ, ಚಕ್ಕುಲಿಯೂ ಇದೆ ಎಂದು ಕೇಳಿದೆ.